ಬಂಧವೂ ಸ್ನೇಹವೂ

ಮಾಗಡಿ ಸೀಮೆಯಲ್ಲಿ, ಕಲ್ಯದ ಬೆಟ್ಟವು ಕಣ್ಣಿಗೆ ಕಾಣುವಷ್ಟು ಸಮೀಪದ ಒಂದು ಊರಿನಲ್ಲಿ, ನಮ್ಮ ಸೋದರತ್ತೆಯ ಮನೆಯವರು ಒಂದು ಬೆಳೆಯ ರೇಷ್ಮೆಗೂಡನ್ನು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿ, ಮುಂದಿನ ಬೆಳೆಗೆ ಚಾಕಿಹುಳುವನ್ನು, ಎಂದರೆ ಎಳೆಯ ಹುಳುವನ್ನು, ತರುವುದಕ್ಕೆ ಮುಂಚೆ ಹುಳುಮನೆಯನ್ನು ಶುದ್ಧಿಗೊಳಿಸುತ್ತಿದ್ದ ಒಂದು ಬೆಳಗ್ಗೆ ನಾನು ಆ ಮನೆಯ ಬಾಗಿಲಲ್ಲಿ ನಿಂತಿದ್ದೆನು. ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೂ ತೊಳೆದು ಬಿಸಿಲಿಗೆ ಒರಗಿಸಿದ್ದರು. ಒಳಗೆ ಅತ್ತೆಯ ಮಗನು ಮೂಗುಬಾಯಿಗಳಿಗೆ ಒದ್ದೆ ಟವೆಲನ್ನು ಸುತ್ತಿಕೊಂಡು, 2 ಕಿಲೋ ಬ್ಲೀಚಿಂಗ್ ಪೌಡರನ್ನು ಮೊದಲು ಸ್ವಲ್ಪವೇ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, 300 ಗ್ರಾಮು ಅರಳಿದ ಸುಣ್ಣವನ್ನು ಸೇರಿಸಿ, 100 ಲೀಟರು ನೀರಿಗೆ ಬೆರಸಿ, ಗಸಿಯು ತಳಕ್ಕಿಳಿಯುವವರೆಗೆ ಕಾದು, ಮೇಲಿನ ತಿಳಿಯನ್ನು ಸ್ಪ್ರೇಯರಿಗೆ ತುಂಬಿ, ಗೋಡೆ, ಸೂರು, ನೆಲ, ಮೂಲೆಮುಡುಕು ಯಾವುದನ್ನೂ ಬಿಡದೆ ತೋಯಿಸುತ್ತಿದ್ದನು. “ದೂರ ನಿಂತ್ಕೊಳಪ್ಪ, ಗಾಟು ಗಂಟ್ಲಿಗೆ ಹಿಡ್ಕೊಳ್ತದೆ” ಎಂದರು ಅತ್ತೆ. “ಹೋದ್ಸಲ ಸದರ ಮಾಡಿ ಬಿಟ್ಟಿದ್ಕೆ ಹಾಲುರೋಗ ಬಂದು ಅರ್ಧಮನೆ ಹುಳ ಹೋಯ್ತು.” ಹಾಲುರೋಗ, ಗಂಟುರೋಗ, ಸಪ್ಪೆರೋಗ, ಸುಣ್ಣಕಟ್ಟು ಎಂದು ನಾಲ್ಕು ಹೆಸರುಗಳಿಂದ ರೇಷ್ಮೆಯ ಒಕ್ಕಲನ್ನು ಹೆದರಿಸುವ ನಾಲ್ಕು ಬಗೆಯ ಮೃತ್ಯುವಿಗೂ ಆ ಗಾಟೇ ಎದುರಾಳಿ.

ಗಾಟು ಗಂಟಲಿಗೆ ಹಿಡಿಯಿತು. ಹಿಂದೆ ಸರಿದು ಕೆಮ್ಮುತ್ತ ನಿಂತಾಗ ಒಂದು ವಿಚಾರವು ಮನಸ್ಸಿಗೆ ಹೊಳೆಯಿತು. ಆ ಮನೆಯ ಅಡಿಗೆಯ ಕೋಣೆಯಲ್ಲಿ ಅದೇ ಹೊತ್ತಿನಲ್ಲಿ ಕುದಿಯುತ್ತಿದ್ದ ಬಸ್ಸಾರಿಗೆ ರುಚಿ ಕೊಡುವ ಉಪ್ಪಿನಲ್ಲಿಯೂ, ಈ ಹುಳುಮನೆಯಲ್ಲಿ ಕಣ್ಣು ಉರಿಸುತ್ತಿರುವ ಆವಿಯಲ್ಲಿಯೂ ಇರುವ ಮೂಲವಸ್ತುವು ಒಂದೇ. ಅದರ ಹೆಸರು ಕ್ಲೋರಿನ್. ಒಂದೆಡೆ ಅನ್ನದ ಜೊತೆಗಾರ, ಇನ್ನೊಂದೆಡೆ ಪ್ರಾಣಹಾರಿ. ಹಾಗಾದರೆ ಅದರ ಸ್ವಭಾವವೆಂಬುದು ಯಾವುದು? ಸ್ವಭಾವವು ವಸ್ತುವಿನಲ್ಲಿದೆಯೋ, ಅದು ಇನ್ನೊಂದರೊಡನೆ ಹೊಂದಿರುವ ಸಂಬಂಧದಲ್ಲಿದೆಯೋ? ಮತ್ತು ನಮ್ಮ ದರ್ಶನಗಳೆಲ್ಲವೂ ದುಃಖದ ಮೂಲವೆಂದು ಎಣಿಸಿರುವ ಬಂಧವು ಇಲ್ಲಿ ಉಗ್ರವಾದುದನ್ನು ಸೌಮ್ಯವನ್ನಾಗಿ ಮಾಡಿದೆಯಲ್ಲ, ಇದನ್ನು ಹೇಗೆ ಅರ್ಥೈಸಬೇಕು?

ಕನ್ನಡದ ರಸಾಯನಗ್ರಂಥಗಳು ಕ್ಲೋರಿನ್ನಿನ ಕುಲಕ್ಕೆ ಕೊಟ್ಟಿರುವ ‘ಲವಣಜನಕಗಳು’ ಎಂಬ ಹೆಸರು ಬಹಳ ಒಪ್ಪುವಂಥದು. ಲವಣವನ್ನು ಹುಟ್ಟಿಸುವುದೇ ಇವುಗಳ ಕುಲಧರ್ಮ. ಹಿರಿಯದಾದ ಫ್ಲೋರಿನ್ ತೆಳುಹಳದಿಯ ಅನಿಲ; ಕ್ಲೋರಿನ್ ಹಸಿರು ಬೆರೆತ ಹಳದಿಯ ಅನಿಲ; ಬ್ರೋಮಿನ್ ಕೆಂಗಂದು ಬಣ್ಣದ, ಮೂಗಿಗೆ ಅಸಹ್ಯವಾದ ದ್ರವ; ಅಯೊಡಿನ್ ಲೋಹದಂತೆ ಮಿರುಗುವ ಕಪ್ಪು ಹರಳು, ಕಾಯಿಸಿದರೆ ನೇರಳೆಯ ಹೊಗೆ. ಐದನೆಯದಾದ ಅಸ್ಟಟೀನ್ 1940ರಲ್ಲಿ ಮನುಷ್ಯನ ಕೈಯಲ್ಲಿ ಹುಟ್ಟಿ, ಕೆಲವೇ ಗಂಟೆಗಳಲ್ಲಿ ತನ್ನ ಅರ್ಧವನ್ನು ಕಳೆದುಕೊಳ್ಳುವ ಅಲ್ಪಾಯು. ಕ್ಲೋರಿನ್ನನ್ನು 1774ರಲ್ಲಿ ಸ್ವೀಡನ್ನಿನ ಶೀಲೆಯು ಹೊರಗೆಡಹಿದನು. ಅದು ಮೂಲವಸ್ತುವೆಂದು 1810ರಲ್ಲಿ ಡೇವಿಯು ನಿರ್ಧರಿಸಿ ಅದರ ಬಣ್ಣದಿಂದಲೇ ಹೆಸರಿಟ್ಟನು. ಅಯೊಡಿನ್ 1811ರಲ್ಲಿ, ಬ್ರೋಮಿನ್ 1826ರಲ್ಲಿ, ಎರಡೂ ಸಮುದ್ರದ ಸೊತ್ತಿನಿಂದಲೇ ದೊರೆತುವು.

ಫ್ಲೋರಿನ್ನಿನ ಕಥೆಯು ಬೇರೆ. ಅದು ಖನಿಜಗಳಲ್ಲಿ ಇದೆಯೆಂದು ಎಲ್ಲರೂ ಬಲ್ಲರು. ಆದರೆ ಅದನ್ನು ಬಿಡಿಸಲು ಹೋದವರಲ್ಲಿ ಬೆಲ್ಜಿಯಮ್ಮಿನ ಲೂಯೆ, ಫ್ರಾನ್ಸಿನ ನಿಕ್ಲೆಸ್ ಮುಂತಾದವರು ಅದರ ವಿಷದಿಂದ ಪ್ರಾಣವನ್ನೇ ತೆತ್ತರು. ಗಾಜಿನಲ್ಲಿಟ್ಟರೆ ಗಾಜನ್ನು ತಿನ್ನುವ, ನೀರನ್ನು ಮುಟ್ಟಿದರೆ ನೀರನ್ನೇ ಒಡೆಯುವ ವಸ್ತುವನ್ನು ಯಾವ ಪಾತ್ರೆಯಲ್ಲಿ ಹಿಡಿಯಬೇಕು? 1886ನೆಯ ಜೂನ್ 26ರಂದು ಪ್ಯಾರಿಸಿನಲ್ಲಿ ಹೆನ್ರಿ ಮೊಯ್ಸಾನನು ಪ್ಲಾಟಿನಮ್ ಮತ್ತು ಇರಿಡಿಯಮ್ಮುಗಳ ಮಿಶ್ರಲೋಹದಿಂದ ಮಾಡಿದ ಬಾಗಿದ ಕೊಳವೆಯೊಂದನ್ನು ಅತಿಶೀತಕ್ಕೆ ಇಳಿಸಿ, ವಿದ್ಯುತ್ತನ್ನು ಹರಿಸಿ ಅದನ್ನು ಹಿಡಿದನು. ಆ ಕೊಳವೆಯ ಬಾಯಿಗೆ ಅವನು ಹಾಕಿದ್ದ ಬಿರಡೆಗಳು ಯಾವುದರಿಂದ ಆದುವು ಎಂಬುದನ್ನು ಓದುಗರು ಗಮನಿಸಬೇಕು. ಅವು ಫ್ಲೋರ್‌ಸ್ಪಾರ್ ಎಂಬ ಕಲ್ಲಿನಿಂದ, ಎಂದರೆ ಕ್ಯಾಲ್ಸಿಯಮ್ಮಿನೊಡನೆ ಕೂಡಿ ತಣಿದಿರುವ ಫ್ಲೋರಿನ್ನಿನಿಂದಲೇ ಕಡೆದವು. ತಣಿದ ಫ್ಲೋರಿನ್ನು ತಣಿಯದ ಫ್ಲೋರಿನ್ನಿಗೆ ಬೇಲಿಯಾಯಿತು. ಏಕೆಂದರೆ ತಣಿದುದರಲ್ಲಿ ಕಿತ್ತುಕೊಳ್ಳಲು ಏನೂ ಉಳಿದಿರಲಿಲ್ಲ.

ಇಷ್ಟು ಉಗ್ರತೆಗೆ ಕಾರಣವು ಅತಿ ಅಲ್ಪವಾದ ಒಂದು ಕೊರತೆ. ಈ ಕುಲದ ಪ್ರತಿಯೊಂದು ಪರಮಾಣುವಿನ ಹೊರಕವಚದಲ್ಲಿಯೂ ಏಳು ಎಲೆಕ್ಟ್ರಾನುಗಳಿರುತ್ತವೆ. ಎಂಟಾದರೆ ಪೂರ್ಣ, ನೆಮ್ಮದಿ. ಏಳಿದ್ದು ಒಂದಿಲ್ಲದವನ ಹಸಿವು, ಏನೂ ಇಲ್ಲದವನ ಹಸಿವಿಗಿಂತ ತೀಕ್ಷ್ಣವಾದುದು ಎಂಬುದನ್ನು ಲೋಕದಲ್ಲಿ ನಾವು ಕಂಡಿದ್ದೇವೆ. ಪರಮಾಣುವಿನಲ್ಲಿಯೂ ಹಾಗೆಯೇ ಇದೆ. ಅತ್ತ ಸೋಡಿಯಮ್ ಎಂಬ, ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆತ್ತಗಿನ ಲೋಹದ ಹೊರಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನ್. ಅದನ್ನು ಬಿಟ್ಟರೆ ಅದಕ್ಕೆ ಸಮಾಧಾನ. ಕೊಡಬೇಕೆನ್ನುವುದೂ ಬೇಕೆನ್ನುವುದೂ ಎದುರಾದೊಡನೆ ಹಳದಿಯ ಜ್ವಾಲೆಯೆದ್ದು, ಜ್ವಾಲೆಯಡಗಿದ ಮೇಲೆ ಉಳಿಯುವುದು ಬಿಳಿಯ ಉಪ್ಪು. ನೀರಿಗೆ ಹಾಕಿದರೆ ಹೊತ್ತುವ ಲೋಹವೂ ಉಸಿರಾಡಿದರೆ ಕೊಲ್ಲುವ ಅನಿಲವೂ ಕೂಡಿ ಮಗುವಿನ ನಾಲಗೆಗೆ ಇಡಬಹುದಾದ ವಸ್ತುವಾಗಿವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳದೆ ಮುಂದಕ್ಕೆ ಹೋಗಲಾರೆನು. ಹೊಸದೊಂದು ಎಲೆಕ್ಟ್ರಾನನ್ನು ಸ್ವೀಕರಿಸುವ ಒಲವನ್ನು ಅಳೆದು ನೋಡಿದರೆ ಕುಲದಲ್ಲೆಲ್ಲ ಅತ್ಯಧಿಕವಾದುದು ಉಗ್ರಾಗ್ರಣಿಯಾದ ಫ್ಲೋರಿನ್ನಿನದಲ್ಲ, ಕ್ಲೋರಿನ್ನಿನದು: ಮೋಲ್ ಒಂದಕ್ಕೆ ಕ್ಲೋರಿನ್ನಿಗೆ 349 ಕಿಲೋಜೂಲ್, ಫ್ಲೋರಿನ್ನಿಗೆ 328. ಹಾಗಿದ್ದೂ ಫ್ಲೋರಿನ್ನೇ ಹೆಚ್ಚು ಉರಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದರೆ, ಎರಡು ಫ್ಲೋರಿನ್ ಪರಮಾಣುಗಳು ಒಂದನ್ನೊಂದು ಹಿಡಿದಿರುವ ಹಿಡಿತವು ತೀರ ಸಡಿಲ. ಪುಟ್ಟ ಪರಮಾಣುಗಳು, ಕಿಕ್ಕಿರಿದ ಎಲೆಕ್ಟ್ರಾನುಗಳು, ಎರಡೂ ಬೇಡುವವೇ ಹೊರತು ಯಾವುದೂ ಕೊಡುವಂಥದಲ್ಲ. ಆದುದರಿಂದ ಆ ಜೋಡಿಯು ಸುಲಭವಾಗಿ ಒಡೆಯುತ್ತದೆ, ಒಡೆದು ಸಿಕ್ಕಿದುದರ ಮೇಲೆ ಬೀಳುತ್ತದೆ. ಹೊರಗಿನವರ ಮೇಲೆ ಎರಗುವ ಕ್ರೌರ್ಯಕ್ಕೆ ಆಸೆಯಷ್ಟೇ ಅಲ್ಲ, ಮನೆಯೊಳಗಣ ಬಂಧದ ದೌರ್ಬಲ್ಯವೂ ಕಾರಣವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಊರಿನಿಂದ ಕಾಣುವ ಕಲ್ಯವು ಪುರಾತನವಾದ ಜೈನಕ್ಷೇತ್ರ. ಶೈವರಿಗೂ ಅದು ಪವಿತ್ರವೇ. ಶೈವಕವಿ ಪಾಲ್ಕುರಿಕೆ ಸೋಮನಾಥನು ಐಕ್ಯನಾದುದು ಅಲ್ಲಿಯೇ ಎಂಬ ಐತಿಹ್ಯವಿದೆ. ಆ ಬಂಡೆಗಳ ನಡುವೆ ಕುಳಿತು ಬಂಧದ ವಿಚಾರವನ್ನು ಮಾಡುವವನಿಗೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ನೆನಪಿಗೆ ಬಾರದಿರದು. ಅದರ ಐದನೆಯ ಅಧ್ಯಾಯದಲ್ಲಿ, ಪುದ್ಗಲದ, ಎಂದರೆ ಜಡದ್ರವ್ಯದ, ಪರಮಾಣುಗಳು ಒಂದಕ್ಕೊಂದು ಕೂಡಿಕೊಳ್ಳುವುದಕ್ಕೆ ಅವುಗಳ ಸ್ನಿಗ್ಧತೆ ಮತ್ತು ರೂಕ್ಷತೆಗಳೇ, ಎಂದರೆ ಜಿಗುಟು ಮತ್ತು ಒರಟುತನಗಳೇ ಕಾರಣವೆಂದೂ, ಅತ್ಯಲ್ಪ ಗುಣವುಳ್ಳವು ಕೂಡುವುದಿಲ್ಲವೆಂದೂ, ಸಮಾನ ಪ್ರಮಾಣದ ಸಜಾತೀಯಗಳು ಕೂಡುವುದಿಲ್ಲವೆಂದೂ, ಕೂಡಿದಾಗ ಅಧಿಕಗುಣವುಳ್ಳುದು ಮತ್ತೊಂದನ್ನು ತನ್ನಂತೆ ಪರಿಣಮಿಸುವುದೆಂದೂ ವಿಧಿಸಿದೆ. ಇದನ್ನು ಮುಂದಿಟ್ಟು, ಇಂದಿನ ರಸಾಯನವೆಲ್ಲ ನಮ್ಮ ಆಚಾರ್ಯರಿಗೆ ಮೊದಲೇ ಗೊತ್ತಿದ್ದಿತೆಂದು ಸಾಧಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಕ್ಲೋರಿನ್ನಿನ ಎರಡು ಪರಮಾಣುಗಳು ಸರ್ವವಿಧದಲ್ಲಿಯೂ ಸಮಾನವಾಗಿದ್ದೂ ಕೂಡುತ್ತವೆ. ಸೂತ್ರದ ನಿಯಮವು ಅಲ್ಲಿ ನಿಲ್ಲದು. ಪ್ರಯೋಗವಿಲ್ಲದೆ ಕಂಡುದನ್ನು ಪ್ರಯೋಗದಿಂದ ಕಂಡುದರ ಪಕ್ಕದಲ್ಲಿ ಕೂರಿಸಿ ಮೆರೆಸುವುದು ಎರಡಕ್ಕೂ ಅಪಚಾರ. ನನ್ನನ್ನು ಸೆಳೆಯುವುದು ಬೇರೊಂದು ಅಂಶ: ಸಂಯೋಗವೆಂಬುದು ಹೊರಗಿನಿಂದ ಯಾರೋ ಹೊಲಿಯುವ ಹೊಲಿಗೆಯಲ್ಲ, ಕೂಡುವವುಗಳ ಗುಣದಲ್ಲಿರುವ ತಾರತಮ್ಯದಿಂದಲೇ ಆಗತಕ್ಕದ್ದು ಎಂಬ ಆ ದೃಷ್ಟಿ, ಮತ್ತು ಅದಕ್ಕೆ ಅವರು ಆರಿಸಿದ ಶಬ್ದ. ಸ್ನಿಗ್ಧವೂ ಸ್ನೇಹವೂ ಒಂದೇ ಧಾತುವಿನ ಸಂತಾನ. ಎಣ್ಣೆಯ ಜಿಡ್ಡಿಗೂ ಸ್ನೇಹವೆಂದೇ ಹೆಸರು, ಗೆಳೆತನಕ್ಕೂ ಸ್ನೇಹವೆಂದೇ ಹೆಸರು.

ಅದೇ ಜೈನಶಾಸ್ತ್ರವು ಜೀವಕ್ಕೆ ಕರ್ಮವು ಅಂಟುವುದನ್ನೂ ಬಂಧವೆಂದೇ ಕರೆದು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನು ಆ ಅಂಟಿನ ಸ್ಥಾನದಲ್ಲಿಟ್ಟಿತು. ಅಕ್ಕಮಹಾದೇವಿಯು ಇಂದು ಈ ನಾಡಿನ ನಿತ್ಯದೃಶ್ಯವಾಗಿರುವ ರೇಷ್ಮೆಯ ಹುಳುವನ್ನೇ ತೆಗೆದುಕೊಂಡು, ಅದು ತನ್ನ ನೂಲಿನಿಂದ ತಾನೇ ಸುತ್ತಿಕೊಂಡು ಸಾಯುವುದರಲ್ಲಿ ಬಯಕೆಗೆ ಸಿಕ್ಕಿದ ಮನಸ್ಸಿನ ಗತಿಯನ್ನು ಕಂಡಳು. ಬೌದ್ಧರು ತೃಷ್ಣೆಯೆಂದರು, ವೇದಾಂತಿಗಳು ಸಂಗವೆಂದರು. ಮುಕ್ತಿಯೆಂದರೆ ಬಂಧದಿಂದ ಬಿಡುಗಡೆ ಎಂಬಲ್ಲಿ ಇವರೆಲ್ಲರದೂ ಒಂದೇ ದನಿ. ಹೀಗಿರುವಲ್ಲಿ, ಹೊರಕವಚವು ಪೂರ್ಣವಾಗಿರುವ ಹೀಲಿಯಮ್, ನಿಯಾನ್, ಆರ್ಗಾನುಗಳೆಂಬ ಜಡಾನಿಲಗಳು, ಯಾರನ್ನೂ ಬೇಡದೆ, ಯಾರಿಗೂ ಕೊಡದೆ, ಒಂಟಿಯಾಗಿ ಸಂಚರಿಸುವ ಸಿದ್ಧಪುರುಷರಂತೆಯೂ, ಲವಣಜನಕಗಳು ಸಂಸಾರಿಗಳಂತೆಯೂ ತೋರಿದರೆ ಆಶ್ಚರ್ಯವಿಲ್ಲ. ಬಹುಕಾಲ ನನಗೂ ಹಾಗೆಯೇ ತೋರಿದ್ದಿತು.

ಹುಳುಮನೆಯ ಬಾಗಿಲಲ್ಲಿ ಆ ಎಣಿಕೆಯು ಅಲುಗಿತು. ಬ್ಲೀಚಿಂಗ್ ಪೌಡರು ಏನೆಂದರೆ, ಕ್ಲೋರಿನ್ನನ್ನು ಸುಣ್ಣವು ಹಿಡಿದುಕೊಂಡಿರುವ ಪುಡಿ. ಒಳ್ಳೆಯ ಮಾಲಿನಲ್ಲಿ ಕೆಲಸಕ್ಕೆ ಒದಗುವ ಕ್ಲೋರಿನ್ನು ನೂರಕ್ಕೆ 30ರಿಂದ 35 ಪಾಲು. ಆದರೆ ಸುಣ್ಣದ ಹಿಡಿತ ಸಡಿಲ. ಚೀಲದ ಬಾಯನ್ನು ಬಿಗಿಯದೆ ಬಿಸಿಲಿಗೋ ತೇವಕ್ಕೋ ಇಟ್ಟರೆ ಕ್ಲೋರಿನ್ನು ದಿನದಿನಕ್ಕೆ ಹಾರಿಹೋಗಿ ಬರಿಯ ಸುಣ್ಣದಂತಹ ಪುಡಿ ಉಳಿಯುತ್ತದೆ. ಆ ಸಡಿಲತೆಯೇ ಅದರ ಉಪಯುಕ್ತತೆ. ಉಪ್ಪಿನಲ್ಲಿರುವಂತೆ ಬಿಗಿಯಾಗಿ ಹಿಡಿದಿದ್ದರೆ ಗೋಡೆಯ ಮೇಲಣ ರೋಗಾಣು ಸಾಯುತ್ತಿರಲಿಲ್ಲ. ಹಿಡಿತವೇ ಇಲ್ಲದಿದ್ದರೆ ಅತ್ತೆಯ ಮಗನು ಆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹಿಡಿತವೇ ಇಲ್ಲದ ಕ್ಲೋರಿನ್ನು ಏನು ಮಾಡಬಲ್ಲುದೆಂಬುದನ್ನು 1915ನೆಯ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜಗತ್ತು ಕಂಡಿತು. ಜರ್ಮನ್ ಸೈನ್ಯವು 5,000ಕ್ಕೂ ಹೆಚ್ಚು ಸಿಲಿಂಡರುಗಳ ಬಾಯನ್ನು ಗಾಳಿಯು ಬೀಸುವ ಕಡೆಗೆ ತೆರೆಯಿತು. ಅದೇ ವಸ್ತುವನ್ನು ಲೀಟರಿಗೆ 0.2 ಮಿಲಿಗ್ರಾಮಿನಷ್ಟು ಉಳಿಯುವಂತೆ ನಲ್ಲಿಯ ನೀರಿಗೆ ಬೆರಸಿ ಕಾಲರಾದಿಂದ ಊರೂರುಗಳನ್ನು ಕಾಯುತ್ತಾರೆ.

ಆದುದರಿಂದ ಬಂಧ ಬೇಕೋ ಬಿಡುಗಡೆ ಬೇಕೋ ಎಂಬ ಪ್ರಶ್ನೆಯೇ ಸರಿಯಾದುದಲ್ಲವೆಂದು ನನಗೆ ಅನಿಸಿತು. ಸಿಲಿಂಡರಿನಿಂದ ಹೊರಬಿದ್ದ ಕ್ಲೋರಿನ್ನು ಬಿಡುಗಡೆ ಹೊಂದಿದೆ, ನಿಜ, ಮುಕ್ತವಾಗಿದೆಯೇ? ಅದಕ್ಕಿಂತ ಪರಾಧೀನವಾದುದು ಇನ್ನಾವುದಿದೆ? ಎದುರಿಗೆ ಬಂದ ಶ್ವಾಸಕೋಶದ ತೇವವನ್ನೂ ಬಿಡದೆ ಹಿಡಿಯುವ ಹಸಿವು ಅದರದು. ಯಾರಿಗೂ ಕಟ್ಟುಬೀಳದವನು ಮುಕ್ತನೆಂದು ತಿಳಿಯುವ ಭ್ರಮೆಗೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಇತ್ತ ಉಪ್ಪನ್ನು ನೋಡಿ. ಅದು 801 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಿದರೂ ಕರಗದಷ್ಟು ದೃಢವಾದ ಬಂಧ. ಆದರೆ ಬಸ್ಸಾರಿನ ಪಾತ್ರೆಗೆ ಒಂದು ಚಿಟಿಕೆ ಹಾಕಿದ ಕ್ಷಣದಲ್ಲಿ ನೀರು ಅದನ್ನು ಬಿಡಿಸಿಬಿಡುತ್ತದೆ. ಸೋಡಿಯಮ್ ಒಂದು ಕಡೆ, ಕ್ಲೋರಿನ್ ಒಂದು ಕಡೆ, ಬೇರೆಬೇರೆಯಾಗಿ ತೇಲುತ್ತವೆ. ಬೇರೆಯಾದುವೆಂದು ಸೋಡಿಯಮ್ ಹೊತ್ತಿಕೊಂಡಿತೇ? ಕ್ಲೋರಿನ್ ಹಸಿರು ಹೊಗೆಯಾಗಿ ಎದ್ದಿತೇ? ಇಲ್ಲ. ಕೊಡಬೇಕಾದುದನ್ನು ಒಂದು ಕೊಟ್ಟಾಗಿದೆ, ಬೇಕಾದುದನ್ನು ಇನ್ನೊಂದು ಪಡೆದಾಗಿದೆ. ಜೊತೆಯು ತಪ್ಪಿದರೂ ಹಸಿವು ಮರಳಿ ಬಾರದು. ಸಂಗದಲ್ಲಿ ಪೂರ್ಣತೆಯನ್ನು ಹೊಂದಿ, ಸಂಗವು ಕಳಚಿದ ಮೇಲೆಯೂ ಆ ಪೂರ್ಣತೆಯನ್ನು ಉಳಿಸಿಕೊಂಡಿರುವ ಈ ಸ್ಥಿತಿಯು, ಒಂಟಿತನದ ಹೆಮ್ಮೆಯಲ್ಲಿರುವ ಆರ್ಗಾನಿನ ಸ್ಥಿತಿಗಿಂತ ನನಗೆ ಹೆಚ್ಚು ಪೂಜ್ಯವಾಗಿ ಕಾಣುತ್ತದೆ. ಶಾಸ್ತ್ರಕಾರರು ಅಂಟನ್ನು ಕಷಾಯದಲ್ಲಿಟ್ಟರೇ ಹೊರತು ಕೂಟದಲ್ಲಿ ಇಡಲಿಲ್ಲವೆಂಬುದರ ಅರ್ಥವು ನನಗೆ ಆದುದು ಸಾರಿನ ಪಾತ್ರೆಯ ಮುಂದೆ.

ಜಡಾನಿಲಗಳ ಸಿದ್ಧಿಯೂ ನಿರಪೇಕ್ಷವಾದುದಲ್ಲ. 1962ರಲ್ಲಿ ನೀಲ್ ಬಾರ್ಟ್ಲೆಟ್ ಎಂಬ ವಿಜ್ಞಾನಿಯು ಕೆನಡದಲ್ಲಿ ಪ್ಲಾಟಿನಮ್ ಹೆಕ್ಸಫ್ಲೋರೈಡಿನೊಡನೆ ಕ್ಸೆನಾನೆಂಬ ಜಡಾನಿಲವನ್ನು ಕೂಡಿಸಿ ಹಳದಿಯ ಘನವಸ್ತುವೊಂದನ್ನು ಪಡೆದನು. ಯಾರೊಡನೆಯೂ ಕೂಡದವರ ಏಕಾಂತವನ್ನು ಕದಲಿಸಿದುದು, ಕೊನೆಗೂ, ಫ್ಲೋರಿನ್ನೇ.

ಬಂಧವು ಎಲ್ಲ ಕಾಲದಲ್ಲಿಯೂ ಹಿತವೆಂದು ಇದರಿಂದ ಹೇಳಬರುವುದಿಲ್ಲ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನು ಇಂದಿಗೂ ಹೊತ್ತಿರುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಗ್ರಾನೈಟ್ ಶಿಲೆಯು ಈ ಸೀಮೆಯಿಂದ ಉತ್ತರಕ್ಕೆ ನೂರಾರು ಮೈಲಿ ಹಬ್ಬಿದೆ. ಇಂಥ ಗ್ರಾನೈಟುಗಳ ಅಭ್ರಕದಲ್ಲಿಯೂ ಅಪಟೈಟಿನಲ್ಲಿಯೂ ಫ್ಲೋರಿನ್ನು ಕಟ್ಟುಬಿದ್ದು ಮಲಗಿರುತ್ತದೆ. ಆಳವಾದ ಬೋರ್‌ವೆಲ್ಲಿನ ನೀರು ಆ ಕಲ್ಲನ್ನು ದೀರ್ಘಕಾಲ ತೊಳೆದು ಮೇಲಕ್ಕೆ ಬಂದಾಗ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡು ಹಲ್ಲಿಗೆ ಕಲೆಯನ್ನು ತರುತ್ತದೆ. ಇನ್ನೂ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಮೂಳೆಯನ್ನು ಕಟ್ಟಿಹಾಕುತ್ತದೆ. ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೆನ್ನು ಬಗ್ಗಿದ ಹಿರಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಫ್ಲೋರಿನ್ನಿಗೆ ಹಸಿವಿಲ್ಲ. ಕ್ಯಾಲ್ಸಿಯಮ್ಮಿನ ಮೇಲಿನ ಅತಿಯಾದ ಸ್ನೇಹವಿದೆ. ಸ್ನೇಹವೂ ಪ್ರಮಾಣ ಮೀರಿದರೆ ಕೊರಳುಹಗ್ಗ. ಅಯೊಡಿನ್ನಿನಲ್ಲಿ ಕೊರತೆಯೇ ರೋಗ: ದಿನಕ್ಕೆ 150 ಮೈಕ್ರೊಗ್ರಾಮ್ ಎಂಬ ಕಣ್ಣಿಗೆ ಕಾಣದ ಪಾಲು ದೊರೆಯದಿದ್ದರೆ ಕುತ್ತಿಗೆಯಲ್ಲಿ ಗಳಗಂಡವು ಬೆಳೆಯುತ್ತದೆ, ಗರ್ಭದ ಮಗುವಿನ ಬುದ್ಧಿಯು ಕುಂದುತ್ತದೆ.

ಇನ್ನೊಂದು ಮಾತು ನನ್ನನ್ನು ಚುಚ್ಚುತ್ತಲೇ ಇದೆ. ಹುಳುಮನೆಯ ಗೋಡೆಯಲ್ಲಿ ಕಾಣದ ಜೀವಿಗಳನ್ನು ಕೊಂದು ನಾವು ಕಾಪಾಡುವ ಹುಳುವನ್ನು ಕಡೆಗೆ ಬಿಸಿನೀರಿಗೆ ಒಪ್ಪಿಸುತ್ತೇವೆ. ಏಕೇಂದ್ರಿಯ ಜೀವಕ್ಕೂ ನೋವಾಗದಂತೆ ನಡೆಯಬೇಕೆಂದ ಮುನಿಗಳು ತಪಸ್ಸು ಮಾಡಿದ ಬೆಟ್ಟದ ನೆರಳಿನಲ್ಲಿ ಈ ಜೀವನೋಪಾಯವು ನಡೆದಿದೆ. ಅತ್ತೆಯ ಮನೆಯ ಮಕ್ಕಳ ಓದು, ಮದುವೆ, ಔಷಧಿ ಎಲ್ಲವೂ ಆ ಗೂಡಿನಿಂದಲೇ ನಡೆದುವು. ಅವರನ್ನು ತಪ್ಪಿತಸ್ಥರೆನ್ನಲು ನನಗೆ ನಾಲಗೆ ಏಳದು. ಹಿಂಸೆಯೇ ಅಲ್ಲವೆನ್ನಲೂ ನಾಲಗೆ ಏಳದು.

ಕಲ್ಯದ ಬೆಟ್ಟವು ನಮಗೆ ಕೊಟ್ಟಿರುವ ಮುಖ್ಯವಾದ ವಸ್ತುವು ಒಂದು ಕಲ್ಲಿನ ಬರೆಹ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಎಂದರೆ ಈ ಕಲ್ಯ, ಮೊದಲಾದ ನಾಡುಪಟ್ಟಣಗಳ ಜೈನರು, ವೈಷ್ಣವರಿಂದ ತಮಗೆ ಆಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರ ಸಮಕ್ಷದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಸಲ್ಲುವುವೆಂದೂ, ಜೈನರಿಗಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕದ್ದೆಂದೂ ಶಾಸನಮಾಡಿದನು. ಅದರ ಒಂದು ಪ್ರತಿಯು ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿದೆ. ಜೈನನು ಜೈನನಾಗಿಯೇ ಉಳಿದನು, ವೈಷ್ಣವನು ವೈಷ್ಣವನಾಗಿಯೇ. ಕರಗಿಹೋದುದು ಒಬ್ಬರನ್ನೊಬ್ಬರು ಸುಡುವ ಗುಣ ಮಾತ್ರ. ಕೈಯಲ್ಲಿ ಕೈಯನ್ನಿಟ್ಟ ಆ ಒಂದು ಕ್ರಿಯೆಯಲ್ಲಿ ಬಂಧವೂ ಇದೆ, ಬಿಡುಗಡೆಯೂ ಇದೆ.

ಆ ಒಪ್ಪಂದದಲ್ಲಿ ದುರ್ಬಲರೇ ಹಣವನ್ನು ತೆರಬೇಕಾಯಿತೆಂಬುದನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ. ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದನ್ನು ಕೂಡಿಸಿ ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹೊನ್ನಿನ ವಿನಿಯೋಗವನ್ನೂ ಶಾಸನವು ಹೇಳಿದೆ: ಜೀರ್ಣವಾದ ಜಿನಾಲಯಗಳಿಗೆ ಅದರಿಂದ ಸೊದೆಯನ್ನು ಬಳಿಸಬೇಕು. ಸೊದೆಯೆಂಬುದು ಸುಧೆಯ ತದ್ಭವ. ಸುಧೆಗೆ ಅಮೃತವೆಂಬುದು ಒಂದು ಅರ್ಥ, ಸುಣ್ಣವೆಂಬುದು ಇನ್ನೊಂದು.